ಅರ್ಧ ಸಿನಿಮಾ

ನಮ್ಮಪ್ಪನಿಗೆ ಬರುವುದು ಒಂದೇ ಹಾಡು. ಅದಕ್ಕೂ ಮಾತಿಲ್ಲ. ‘ಲಲ್ಲಲಾ’ ಎಂದು ಶುರುವಾಗಿ, ನಡುವೆ ಒಂದು ಕಡೆ ಬಿಕ್ಕಳಿಕೆ ಬಂದಂತೆ ನಿಂತು, ಮತ್ತೆ ‘ಲಲ್ಲಲಾ’ ಎಂದೇ ಮುಗಿಯುತ್ತದೆ. ಬೆಂಗಳೂರಿನಲ್ಲಿದ್ದಾಗ ಗಡ್ಡ ಹೆರೆದುಕೊಳ್ಳುತ್ತಾ ಹಾಡುತ್ತಿದ್ದರು. ಈಗ ಅಮೆರಿಕದ ಮೆಕಿನ್ನಿಯ ನಮ್ಮ ಮನೆಯಲ್ಲಿ ಡಿಶ್‌ವಾಷರಿನಿಂದ ಪಾತ್ರೆ ತೆಗೆದಿಡುತ್ತಾ ಹಾಡುತ್ತಾರೆ. ಬಿಕ್ಕಳಿಕೆಯ ಜಾಗ ಬಂದಾಗ ಕೈಯಲ್ಲಿರುವ ಲೋಟವೂ ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ. ಚಿಕ್ಕವಳಿದ್ದಾಗ ಇದು ಯಾವ ಹಾಡಪ್ಪಾ ಎಂದು ಕೇಳಿದರೆ, ‘ಜರ್ಮನ್ ಸಿನಿಮಾದ್ದು’ ಎನ್ನುತ್ತಿದ್ದರು. ಬೇರೆಯವರ ಅಪ್ಪಂದಿರೆಲ್ಲ ಮರ್ಯಾದೆಯಾಗಿ ಕನ್ನಡ ಚಿತ್ರಗೀತೆ ಹಾಡುವಾಗ ನಮ್ಮಪ್ಪನಿಗೆ ಮಾತ್ರ ಯಾಕೆ ಹೀಗೆ ಎಂದು ನನಗೆ ಆಗ ಬಹಳ ಸಂಕಟವಾಗುತ್ತಿತ್ತು.

ಅಪ್ಪ ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಅಲ್ಲಿ ಯಂತ್ರ ಕೂರಿಸಲು ಜರ್ಮನಿಯಿಂದ ಬರುತ್ತಿದ್ದ ಎಂಜಿನಿಯರುಗಳು, ಬೇಸರವಾದಾಗ ನೋಡಲೆಂದು ತಮ್ಮ ದೇಶದ ಹಳೆಯ ಸಿನಿಮಾಗಳನ್ನು ಡಬ್ಬಿಗಳಲ್ಲಿ ತರಿಸಿಕೊಳ್ಳುತ್ತಿದ್ದರು. ಶನಿವಾರ ಸಂಜೆ ಕಾರ್ಖಾನೆಯ ಕ್ಲಬ್ಬಿನಲ್ಲಿ ಪ್ರದರ್ಶನ. ಪ್ರೊಜೆಕ್ಟರ್ ಮುಟ್ಟುವ ಹಕ್ಕು ಅಪ್ಪನೊಬ್ಬರಿಗೇ ಇತ್ತು. ಸೈರನ್ ಆದೊಡನೆ ಗೇಟು ಹಾಕುವ ಶಿಸ್ತಿನಲ್ಲಿ ಬೆಳೆದವರು ಅವರು. ಆಟವೂ ಹೇಳಿದ ಹೊತ್ತಿಗೆ ಶುರುವಾಗಲೇಬೇಕು, ಮ್ಯಾನೇಜರೇ ಬರದಿದ್ದರೂ ಸರಿ. ಆ ದಿನಗಳಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಲಿತ ಜರ್ಮನ್ ಭಾಷೆಯಲ್ಲಿ ಈಗ ಅವರಿಗೆ ಉಳಿದಿರುವುದು ಯಂತ್ರದ ಮುಂದೆ ನಿಂತು ಕೂಗುವ ಮಾತುಗಳಷ್ಟೇ: ನಿಲ್ಲಿಸು, ತಾಳು, ಕೈ ತೆಗೆ.

ಅಮ್ಮನಿಗೆ ಈ ಸಿನಿಮಾ ವ್ಯವಹಾರದ ಮೇಲೆ ಏನೋ ಹಳೆಯ ಸಿಟ್ಟು. ಅಪ್ಪ ನಲ್ಲಿ ರಿಪೇರಿಗೆಂದು ಕೂತು ಸ್ಪ್ಯಾನರ್ ಹುಡುಕಲು ಎದ್ದು ಹೋದರೆ, ಅಂಗಿಯ ಮುಂಭಾಗ ಇಸ್ತ್ರಿ ಮಾಡಿ ಬೆನ್ನನ್ನು ಹಾಗೇ ಬಿಟ್ಟರೆ, ‘ನಿಮ್ಮದೆಲ್ಲ ಅರ್ಧ ಸಿನಿಮಾನೇ’ ಎನ್ನುತ್ತಿದ್ದಳು. ನಾನೂ ನನ್ನ ತಮ್ಮನೂ ಅದನ್ನು ಕಲಿತುಕೊಂಡೆವು. ಹೋಮ್‌ವರ್ಕ್ ಮುಗಿಸದವನು ಅರ್ಧ ಸಿನಿಮಾ, ತಟ್ಟೆಯಲ್ಲಿ ಅನ್ನ ಬಿಟ್ಟವಳು ಅರ್ಧ ಸಿನಿಮಾ. ಇದು ಲೋಕದಲ್ಲೆಲ್ಲ ಚಾಲ್ತಿಯಲ್ಲಿರುವ ಬೈಗುಳ ಎಂದುಕೊಂಡು ನಾನು ಶಾಲೆಯಲ್ಲಿ ಬಳಸಿ ನಗೆಪಾಟಲಾದದ್ದೂ ಉಂಟು. ಅದು ಎಲ್ಲಿಂದ ಬಂತೆಂದು ಕೇಳಲಿಲ್ಲ. ಮನೆಯ ಬೈಗುಳದ ಮೂಲವನ್ನು ಯಾರು ವಿಚಾರಿಸುತ್ತಾರೆ ಹೇಳಿ.

ಅಪ್ಪನ ಹಾಡು ಒಮ್ಮೆ ನನ್ನ ಮಾನ ಉಳಿಸಿದೆ ಎಂಬುದನ್ನೂ ಒಪ್ಪಬೇಕು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ಹುಡುಗನ ಸೋದರತ್ತೆ ಬಾಯಿ ಒರೆಸಿಕೊಂಡು, ‘ಹುಡುಗಿ ಒಂದು ಹಾಡು ಹೇಳಲಿ’ ಎಂದರು. ನನ್ನ ಗಂಟಲಿನ ಯೋಗ್ಯತೆ ನನಗೆ ಗೊತ್ತು. ನೆಲ ನೋಡುತ್ತಾ ಕೂತೆ. ಆಗ ಅಪ್ಪ, ‘ನಮ್ಮ ಮನೇಲಿ ಹಾಡೋದು ನಾನು’ ಎಂದು ಗಂಟಲು ಸರಿಪಡಿಸಿಕೊಂಡು ಲಲ್ಲಲಾ ಶುರು ಮಾಡಿಯೇಬಿಟ್ಟರು. ಬಿಕ್ಕಳಿಕೆಯ ಕಡೆ ಎಲ್ಲರೂ ಗಾಬರಿಯಿಂದ ನೀರಿನ ಲೋಟ ನೋಡಿದರು. ಹುಡುಗ ಮಾತ್ರ ನಕ್ಕ. ಆ ನಗು ನೋಡಿ ನಾನು ಒಪ್ಪಿಕೊಂಡೆ. ಅವನೇ ರಘು, ನನ್ನ ಗಂಡ. ಇವತ್ತಿಗೂ ‘ನಾನು ಮದುವೆಯಾದದ್ದು ಮಾವನ ಹಾಡು ಕೇಳಿ’ ಎನ್ನುತ್ತಾನೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಟೆಕ್ಸಸ್‌ಗೆ ನಮ್ಮ ಜೊತೆ ಇರಲು ಬಂದರು. ಬಂದ ದಿನದಿಂದ ಅವರ ಮೇಲೆ ನನಗಿರುವ ದೂರು ಒಂದೇ: ಅವರು ಏನನ್ನೂ ಕೇಳುವುದಿಲ್ಲ. ಕಾಫಿ ಬೇಕಾ ಎಂದರೆ ‘ನೀನು ಮಾಡ್ಕೊಳ್ಳೋದಾದ್ರೆ’ ಎನ್ನುತ್ತಾರೆ. ಎಲ್ಲಾದರೂ ಹೋಗೋಣವಾ ಎಂದರೆ ‘ನಿಮಗೆ ಕೆಲಸ ಇರತ್ತೆ’. ಬೆಂಗಳೂರಿನಲ್ಲಿ ಬಸ್ ಪಾಸ್ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದ ಮನುಷ್ಯ ಅವರು. ಮೆಕಿನ್ನಿಯ ನಮ್ಮ ಬೀದಿಯಲ್ಲಿ ಬಸ್ಸು ಎಂದರೆ ಶಾಲೆಯ ಹಳದಿ ಬಸ್ಸೊಂದೇ. ಮೊದಲ ವಾರ ಅದನ್ನೇ ಕಿಟಕಿಯಿಂದ ನೋಡಿ, ‘ಇದು ಎಲ್ಲಿವರೆಗೆ ಹೋಗತ್ತೆ?’ ಎಂದು ವಿಚಾರಿಸಿದ್ದರು. ಆಮೇಲೆ ಅದನ್ನೂ ಕೇಳಲಿಲ್ಲ. ಕರೆದ ಕಡೆ ಬರುತ್ತಾರೆ, ಕೂರಿಸಿದ ಕಡೆ ಕೂರುತ್ತಾರೆ, ಹೇಳದೆಯೇ ಪಾತ್ರೆ ತೆಗೆದಿಡುತ್ತಾರೆ. ನೋಡಿ ನೋಡಿ ನನಗೆ ಅಳು ಬರುತ್ತಿತ್ತು. ಒಂದು ದಿನವಾದರೂ ಇವರು ನನಗೆ ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಕೇಳಲಿ ಎಂಬುದೇ ನನ್ನ ಆಸೆಯಾಗಿಹೋಗಿತ್ತು.

ಈ ಗೋಳನ್ನು ನಾನು ಹೇಳಿಕೊಳ್ಳುವುದು ಶೋಭಾಳ ಹತ್ತಿರ. ಅವಳು ನನ್ನ ಕಾಲೇಜಿನ ಗೆಳತಿ, ಆಸ್ಟಿನ್ ಪಕ್ಕದ ಲಿಯಾಂಡರಿನಲ್ಲಿದ್ದಾಳೆ. ಎಲ್ಲ ಕೇಳಿಸಿಕೊಂಡು ಅವಳು, ‘ನಿಮ್ಮಪ್ಪನಿಗೆ ಮಾತಾಡೋಕೆ ಒಂದು ಜೊತೆ ಬೇಕು ಕಣೇ. ಹೂಸ್ಟನ್ನಿನಲ್ಲಿ ವತ್ಸಲಾ ಆಂಟಿ ಇದ್ದಾರೆ, ಧಾರವಾಡದವರು. ಯಜಮಾನರು ಹೋಗಿ ಆರೇಳು ವರ್ಷ ಆಯ್ತು. ಸ್ಕೂಲಲ್ಲಿ ಗಣಿತ ಹೇಳ್ಕೊಡ್ತಿದ್ರು, ಈಗ ರಿಟೈರ್ ಆಗಿದಾರೆ. ಒಬ್ಬರೇ ಹೈವೇ ಮೇಲೆ ಡ್ರೈವ್ ಮಾಡ್ಕೊಂಡು ಹೋಗ್ತಾರೆ’ ಎಂದಳು. ನಾನು ಫೋನ್ ಕೆಳಗಿಟ್ಟು ಅರ್ಧ ದಿನ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪನಿಗೆ ಹೆಣ್ಣು ನೋಡುವುದೆಂದರೆ ಹೇಗೆ? ಗಂಡಿನ ಕಡೆಯ ಹಿರಿಯಳಾಗಿ ನಾನೇ ಬಾಯಿ ಒರೆಸಿಕೊಂಡು ಹಾಡು ಹೇಳಿಸಬೇಕೇ? ವಿಷಯ ತಿಳಿದ ನನ್ನ ಮಗಳು ಕಾಲೇಜಿನಿಂದ ಫೋನ್ ಮಾಡಿ, ‘ಅಮ್ಮಾ, ಈಸ್ ತಾತಾ ಗೋಯಿಂಗ್ ಆನ್ ಎ ಡೇಟ್?’ ಎಂದು ಕೇಳಿದಳು. ಅಲ್ಲ, ಸುಮ್ಮನೆ ಪರಿಚಯ ಎಂದೆ. ಅವಳು ಬಹಳ ಹೊತ್ತು ನಕ್ಕಳು.

ದಾರಿ ತೋರಿಸಿದ್ದು ಅದೇ ಹಾಡು. ನಾವು ಶೋಭಾಳ ಮನೆಗೆ ಹೋಗಿದ್ದಾಗ ಒಂದು ಬೆಳಗ್ಗೆ ಅಪ್ಪ ಅವಳ ಹಿತ್ತಲಿನಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಾ ಲಲ್ಲಲಾ ಎನ್ನುತ್ತಿದ್ದರು. ಬಿಕ್ಕಳಿಕೆಯ ಜಾಗಕ್ಕೆ ಬಂದು ನಿಂತರು. ಆಗ ಮರದ ಬೇಲಿಯ ಆಚೆಯಿಂದ ಗಡಸು ದನಿಯೊಂದು ಮುಂದಿನ ಸಾಲನ್ನು ಮಾತುಗಳ ಸಮೇತ ಎತ್ತಿಕೊಂಡಿತು. ಅಪ್ಪ ಹುರುಳಿಕಾಯಿ ಬಿಟ್ಟು ಎದ್ದು ನಿಂತರು. ಬೇಲಿಯ ಮೇಲೆ ಮೊದಲು ಒಂದು ಹ್ಯಾಟು, ಆಮೇಲೆ ಅದರ ಕೆಳಗಿನ ವಾಲ್ಟರ್ ಕಾಣಿಸಿಕೊಂಡರು. ಶೋಭಾಳ ನೆರೆಯವರು, ಎಂಬತ್ತು ದಾಟಿದ ಮನುಷ್ಯ. ಅವರ ಹಿರೀಕರು ಎಂದೋ ಜರ್ಮನಿಯಿಂದ ಬಂದು ಈ ಗುಡ್ಡಗಾಡಿನಲ್ಲಿ ನೆಲೆಸಿದವರಂತೆ. ಅಜ್ಜಿಯಿಂದ ಬಂದ ಭಾಷೆ ಅವರಿಗೆ ಇನ್ನೂ ಒಂದಷ್ಟು ಉಳಿದಿದೆ. ಅದಕ್ಕಿಂತ ಮುಖ್ಯವಾಗಿ ಅವರ ಗರಾಜಿನಲ್ಲಿ ಕಾರು ಇರಲಿಲ್ಲ, ಪ್ರೊಜೆಕ್ಟರ್ ಇತ್ತು. ಎರಡು ಡಬ್ಬಿಗಳಲ್ಲಿ ಆ ಹಾಡಿನ ಸಿನಿಮಾವೇ ಇತ್ತು.

ಅವತ್ತು ಅಪ್ಪ ಅಲ್ಲಿಂದ ಏಳಲೇ ಇಲ್ಲ. ಇಬ್ಬರು ಮುದುಕರು ಒಂದು ಯಂತ್ರದ ಮುಂದೆ ಕೂತು, ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಥವಾಗದೆಯೇ, ಬ್ರಶ್ಶಿನಿಂದ ಧೂಳು ತೆಗೆಯುತ್ತಾ ಮಧ್ಯಾಹ್ನ ಕಳೆದರು. ವಾಲ್ಟರ್ ಹೇಳಿದ ಒಂದು ಸ್ವಾರಸ್ಯವನ್ನು ರಘು ಅಪ್ಪನಿಗೆ ಕನ್ನಡದಲ್ಲಿ ತಿಳಿಸಿದ. ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ಜರ್ಮನಿಯವರು ಒಂದೇ ಕತೆಯನ್ನು ಒಂದೇ ಸೆಟ್ಟಿನಲ್ಲಿ ಒಮ್ಮೆ ಜರ್ಮನ್ನಿನಲ್ಲಿ, ಮತ್ತೊಮ್ಮೆ ಫ್ರೆಂಚಿನಲ್ಲಿ ತೆಗೆಯುತ್ತಿದ್ದರಂತೆ. ಎಷ್ಟೋ ಸಲ ಹೀರೋಯಿನ್ ಅವಳೇ, ಹೀರೋ ಬೇರೆ. ನಮ್ಮವರು ರೀಮೇಕು ಮಾಡಲು ವರ್ಷಗಟ್ಟಲೆ ಕಾಯುತ್ತಾರೆ, ಇವರು ಸೆಟ್ಟು ಬಿಚ್ಚುವ ಮುಂಚೆಯೇ ಮುಗಿಸಿಬಿಡುತ್ತಿದ್ದರಲ್ಲ ಎಂದು ರಘು ಬೆರಗಾದ. ನನಗೆ ಆ ಹೀರೋಯಿನ್ ನೆನೆದು ಅಯ್ಯೋ ಎನಿಸಿತು. ಅದೇ ಮಾತು, ಅದೇ ನಾಚಿಕೆ, ಹೊಸ ಗಂಡಸಿನ ಮುಂದೆ ಇನ್ನೊಮ್ಮೆ ಮೊದಲಿನಿಂದ. ಅಪ್ಪ ಮಾತ್ರ ಈ ಸುದ್ದಿ ಕೇಳಿ ಯಾಕೋ ಬ್ರಶ್ಶು ಕೆಳಗಿಟ್ಟರು.

ಶೋಭಾ ತಡಮಾಡಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ವಾಲ್ಟರ್ ಗರಾಜಿನಲ್ಲಿ ಸಿನಿಮಾ, ಆಮೇಲೆ ಅವಳ ಮನೆಯಲ್ಲಿ ಊಟ. ಡಲ್ಲಾಸ್ ಪಕ್ಕದ ನಮಗೂ ಹೂಸ್ಟನ್ ಕಡೆಯವರಿಗೂ ಲಿಯಾಂಡರ್ ಹೆಚ್ಚುಕಡಿಮೆ ಅಷ್ಟೇ ದೂರ, ಯಾರು ಯಾರ ಮನೆಗೆ ಹೋದರು ಎಂಬ ಮಾತು ಬರುವುದಿಲ್ಲ. ಅನುಮಾನ ಬಾರದಿರಲಿ ಎಂದು ಅಲ್ಲಿನ ನಾಲ್ಕು ಕನ್ನಡ ಕುಟುಂಬಗಳನ್ನೂ ಕರೆದಳು. ಅಪ್ಪನಿಗೆ ಹೇಳಿದ್ದು ಇಷ್ಟೇ: ಹೂಸ್ಟನ್ನಿನಿಂದ ಶೋಭಾಳ ಪರಿಚಯದ ಆಂಟಿಯೊಬ್ಬರು ಬರುತ್ತಾರೆ, ಸ್ವಲ್ಪ ತಡವಾಗಬಹುದು. ಉಪ್ಪಿಟ್ಟು, ಕೇಸರಿಬಾತು ಮಾತ್ರ ಬೇಡವೇ ಬೇಡ, ಗೊತ್ತಾಗಿಬಿಡುತ್ತೆ ಎಂದು ಅವಳಿಗೆ ಸಾರಿ ಸಾರಿ ಹೇಳಿದ್ದೆ. ಹೋಗಿ ನೋಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ ದೊಡ್ಡ ಪಾತ್ರೆ ತುಂಬ ಕೇಸರಿಬಾತು. ಅಪ್ಪ ಅದನ್ನು ನೋಡಿದರು, ನನ್ನ ಮುಖ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಏನೂ ಕೇಳಲಿಲ್ಲ.

ಹೇಳಿದ ಹೊತ್ತಿಗೆ ನಮ್ಮ ಜನ ಎಲ್ಲರೂ ಬಂದಿದ್ದರು. ಇದು ಅಪರೂಪ. ಬಾರದಿದ್ದವರು ವತ್ಸಲಾ ಒಬ್ಬರೇ. ಕಾಯೋಣ ಎಂದರೆ ಯಾರಿಗೋಸ್ಕರ ಎಂದು ಹೇಳಬೇಕಾಗುತ್ತದೆ. ಅಷ್ಟರಲ್ಲಿ ಅಪ್ಪ ಗಡಿಯಾರ ನೋಡಿ, ಗರಾಜಿನ ದೀಪ ಆರಿಸಲು ಹೇಳಿ, ಡಬ್ಬಿ ತೆರೆದು ರೀಲು ಏರಿಸಿಯೇಬಿಟ್ಟರು.

ಗೋಡೆಗೆ ಕಟ್ಟಿದ ಬಿಳಿ ಬೆಡ್‌ಶೀಟಿನ ಮೇಲೆ ಗಂಡು ಹೆಣ್ಣು ಏಕಾಏಕಿ ಜಗಳವಾಡುತ್ತಾ ಪ್ರತ್ಯಕ್ಷರಾದರು. ಹೆಸರಿಲ್ಲ, ಊರಿಲ್ಲ, ಯಾರ ಪರಿಚಯವೂ ಇಲ್ಲ. ಅವಳು ಬಾಗಿಲು ಬಡಿದಳು, ಅವನು ಇನ್ನೊಂದು ಬಾಗಿಲು ಬಡಿದ. ಸದ್ದು ಹೊಸದಾಗಿ ಬಂದ ಕಾಲದ ಸಿನಿಮಾ ಅಲ್ಲವೇ, ಹೊಸ ಮಿಕ್ಸಿ ತಂದ ಮನೆಯಲ್ಲಿ ಆಗುವಂತೆ ಅದನ್ನು ಸುಮ್ಮನಿರಲು ಬಿಡುವವರೇ ಇಲ್ಲ. ಬಾಗಿಲು, ಗಡಿಯಾರ, ಟ್ರಾಮಿನ ಗಂಟೆ, ಬಾಣಲೆಯ ಚುಂಯ್ ಎಲ್ಲಕ್ಕೂ ಒಂದೊಂದು ಪಾತ್ರ. ಜಗಳ ಬಿಡಿಸಲು ಬಂದ ಪೊಲೀಸಿನವನೂ ಹಾಡಿದ. ವಾಲ್ಟರ್ ಕುರ್ಚಿಯಿಂದ ಎದ್ದು ಪ್ರೊಜೆಕ್ಟರ್ ಕಡೆ ಬಂದರು. ಅಪ್ಪ ಅವರ ಭುಜದ ಮೇಲೆ ಕೈಯಿಟ್ಟು, ತಮ್ಮಲ್ಲಿ ಉಳಿದಿದ್ದ ಮೂರು ಜರ್ಮನ್ ಮಾತುಗಳಲ್ಲಿ ಒಂದನ್ನು ಹೇಳಿ ಬಾಗಿಲಿನ ಕಡೆ ತೋರಿಸಿದರು. ವಾಲ್ಟರ್ ಬಾಗಿಲು ನೋಡಿ, ಹ್ಯಾಟು ಸರಿಮಾಡಿಕೊಂಡು ಹೋಗಿ ಕೂತರು.

ನನಗೆ ಆಗ ಹೊಳೆಯಿತು. ಅಪ್ಪ ರೀಲು ಅದಲುಬದಲು ಮಾಡಿದ್ದಾರೆ. ಜೀವಮಾನದಲ್ಲಿ ಕೈತಪ್ಪದ ಮನುಷ್ಯ, ಇವತ್ತೇ ತಪ್ಪಬೇಕೇ. ವಯಸ್ಸಾಯಿತು ಎಂದು ಆಂಟಿ ತಿಳಿದುಕೊಂಡರೆ ಏನು ಗತಿ.

ನಮ್ಮ ಪ್ರೇಕ್ಷಕರು ಮಾತ್ರ ಅಲುಗಾಡಲಿಲ್ಲ. ‘ಫ್ಲ್ಯಾಶ್‌ಬ್ಯಾಕ್ ಇರತ್ತೆ, ಆಮೇಲೆ ತೋರಿಸ್ತಾನೆ’ ಎಂದು ಒಬ್ಬ ಅಂಕಲ್ ಎಲ್ಲರಿಗೂ ಸಮಾಧಾನ ಹೇಳಿದರು. ಜಗಳ ಮುಗಿದು ಮದುವೆಯಾಯಿತು. ಮದುವೆಯಲ್ಲಿ ವಧು ವರ ಇಬ್ಬರೂ ಒಂದೊಂದೇ ಕೈಗೆ ಗ್ಲೌಸು ಹಾಕಿಕೊಂಡಿದ್ದರು. ಅವನು ಎಡಗೈಗೆ, ಅವಳು ಬಲಗೈಗೆ, ಅದೂ ಅವಳಿಗೆ ಮೊಣಕೈವರೆಗೆ ದೊಗಳೆ. ಇದು ದೊಡ್ಡ ಚರ್ಚೆಗೆ ಕಾರಣವಾಯಿತು.

‘ಅವರ ಕಡೆ ಶಾಸ್ತ್ರ ಇರಬಹುದು. ನಮ್ಮಲ್ಲಿ ಕಂಕಣ ಕಟ್ಟಲ್ವಾ’ ಎಂದರು ಒಬ್ಬರು.

‘ಬಡತನ ಕಣ್ರೀ. ಇಬ್ಬರಿಗೂ ಸೇರಿ ಒಂದೇ ಜೊತೆ’ ಎಂದಳು ಶೋಭಾ.

ಮದುವೆಯ ಊಟದಲ್ಲಿ ಎಲ್ಲರೂ ಹಾಡಿ, ಬೆಡ್‌ಶೀಟು ಬೆಳ್ಳಗಾಯಿತು. ದೀಪ ಹಾಕಿದೆವು. ಅದೇ ಹೊತ್ತಿಗೆ ಪಕ್ಕದ ಬಾಗಿಲು ತೆರೆದು ವತ್ಸಲಾ ಒಳಗೆ ಬಂದರು. ಸಣ್ಣ ದೇಹ, ಅರಿಶಿನ ಬಣ್ಣದ ಇಳಕಲ್ ಸೀರೆ, ಕಾಲಿಗೆ ಓಡುವವರ ಬೂಟು.

‘ಭಾಳ ತಡಾ ಆತ್ರಿ. ರೋಡ್ ಮ್ಯಾಲೆ ಟ್ರಕ್ ಒಂದು ಮಗುಚಿ ಬಿದ್ದಿತ್ತು. ಶುರು ಆಗಿ ಎಷ್ಟೊತ್ತಾತು?’

ಯಾರಾದರೂ ಬಾಯಿ ತೆರೆಯುವ ಮುನ್ನ ಅಪ್ಪ, ‘ಈಗ ಶುರು ಮಾಡ್ತೀನಿ, ಕೂತ್ಕೊಳ್ಳಿ’ ಎಂದು ಇನ್ನೊಂದು ಡಬ್ಬಿ ತೆರೆದರು.

ಈ ಸಲ ಹೆಸರುಗಳು ಬಂದವು. ಒಂದು ದೊಡ್ಡ ಅಂಗಡಿ, ಗ್ಲೌಸು ಮಾರುವ ಹುಡುಗಿ. ಚಳಿಯಲ್ಲಿ ನಡುಗುತ್ತಾ ಒಬ್ಬ ಬಂದ. ಒಂದು ಗ್ಲೌಸು ಕಳೆದುಹೋಗಿದೆ, ಒಂದೇ ಒಂದು ಕೊಡಿ ಎಂದು ಕೈಸನ್ನೆ ಮಾಡಿದ. ಜೊತೆ ಒಡೆಯುವಂತಿಲ್ಲ ಎಂದಳು ಅವಳು. ವಾದವಾಯಿತು, ಹಾಡಾಯಿತು, ಕೊನೆಗೆ ಅವನು ಜೊತೆಯನ್ನೇ ಕೊಂಡು, ಎಡಗೈಯದ್ದನ್ನು ಹಾಕಿಕೊಂಡು, ಬಲಗೈಯದ್ದನ್ನು ಅವಳ ಮುಂದಿಟ್ಟು ಹೊರಟುಹೋದ. ಗರಾಜಿನಲ್ಲಿ ‘ಓ’ ಎಂಬ ಉದ್ಗಾರ ಎಲ್ಲರ ಬಾಯಿಂದ ಒಟ್ಟಿಗೇ ಬಂತು. ವತ್ಸಲಾ ತಿರುಗಿ ನೋಡಿ, ಇಷ್ಟಕ್ಕೇ ಇವರೆಲ್ಲ ಯಾಕೆ ಇಷ್ಟು ಕರಗಿದರು ಎಂಬಂತೆ ಹುಬ್ಬೇರಿಸಿದರು. ಮದುವೆ ನೋಡಿರದವರು ಅಲ್ಲಿ ಅವರೊಬ್ಬರೇ.

‘ಮದುವೆ ಆದ್ಮೇಲೆ ಪರಿಚಯ. ನಮ್ಮ ಹಾಗೇ’ ಎಂದು ರಘು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ನಾನು ಅವನ ಮೊಣಕೈ ಚಿವುಟಿದೆ, ಆದರೆ ಕಣ್ಣು ಅಪ್ಪನ ಕಡೆಗಿತ್ತು. ಅವರು ಸಿನಿಮಾ ನೋಡುತ್ತಿರಲಿಲ್ಲ. ಪ್ರೊಜೆಕ್ಟರಿನ ಬೆಳಕಿನಂಚಿನಲ್ಲಿ ವತ್ಸಲಾ ನಗುವುದನ್ನು ನೋಡುತ್ತಿದ್ದರು. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿಯದೆ, ತಲೆ ಹಿಂದಕ್ಕೆ ಹಾಕಿ ನಗುತ್ತಾರೆ.

ಕೊನೆಗೆ ದೋಣಿಯಲ್ಲಿ ಕೂತು ಇಬ್ಬರೂ ಅಪ್ಪನ ಹಾಡು ಹಾಡಿದರು. ಬಿಕ್ಕಳಿಕೆಯ ಜಾಗದಲ್ಲಿ ಅವನು ಅವಳಿಗೆ ಏನೋ ಕೇಳಬೇಕೆಂದು ಬಾಯಿ ತೆರೆದು, ಧೈರ್ಯ ಸಾಲದೆ ಮುಚ್ಚಿಕೊಂಡ. ಇಷ್ಟು ವರ್ಷ ನಾನು ಬಿಕ್ಕಳಿಕೆ ಎಂದುಕೊಂಡದ್ದು ಅದು. ರೀಲು ಪಟಪಟ ಬಡಿದು ನಿಂತಿತು.

‘ಮುಂದ ಏನಾತು? ಇಬ್ಬರೂ ಕೂಡ್ತಾರೋ ಇಲ್ಲೋ?’ ವತ್ಸಲಾ ಕೇಳಿದರು.

‘ಮದುವೆ ಆಗತ್ತೆ ಆಂಟಿ’ ಎಂದು ನಾಲ್ಕು ಕುಟುಂಬಗಳೂ ಕೂಗಿದವು.

‘ಅದು ಹೇಳಿ ಮುಗಿಸೋದಲ್ಲ. ನೋಡಬೇಕಾದ್ದು’ ಎಂದರು ಅಪ್ಪ, ರೀಲು ಸುತ್ತುತ್ತಾ.

ಆದರೆ ಶೋಭಾ ಊಟಕ್ಕೆ ಎಬ್ಬಿಸಿಬಿಟ್ಟಳು. ಊಟದಲ್ಲಿ ವತ್ಸಲಾ ಅಪ್ಪನ ಎದುರಿಗೇ ಕೂತರು. ಕೇಸರಿಬಾತು ಬಡಿಸುವಾಗ ಅವರೇ ನೇರವಾಗಿ, ‘ಎಲ್ಲಾರೂ ನೀವು ರೀಲ್ ಅದಲುಬದಲು ಮಾಡೀರಿ ಅನ್ನಾಕತ್ತಾರ. ನನಗೇನೂ ಹಂಗ ಅನಸಲಿಲ್ಲ’ ಎಂದರು. ಅಪ್ಪ ಸಣ್ಣಗೆ ನಕ್ಕರು. ಕತ್ತಲಾಗುವುದರೊಳಗೆ ಹೂಸ್ಟನ್ ಮುಟ್ಟಬೇಕೆಂದು ಅವರು ಹೊರಟಾಗ ಅಪ್ಪ ಕಾರಿನವರೆಗೆ ಹೋದರು. ಅಲ್ಲಿ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಕೇಳಿಸಲೆಂದು ಕಸದ ಚೀಲ ಹಿಡಿದು ಎರಡು ಸಲ ಹೊರಗೆ ಹೋಗಿದ್ದೂ ವ್ಯರ್ಥವಾಯಿತು.

ಮೆಕಿನ್ನಿಗೆ ವಾಪಸಾಗುವಾಗ ನನಗೆ ತಡೆಯಲಾಗಲಿಲ್ಲ. ‘ಅಪ್ಪ, ಡಬ್ಬಿ ಮೇಲೆ ನಂಬರ್ ಇತ್ತಲ್ಲ. ನೋಡಿ ಹಾಕಬಾರದಿತ್ತಾ?’ ಎಂದೆ.

‘ನೋಡೇ ಹಾಕಿದ್ದು’ ಎಂದರು ಹಿಂದಿನ ಸೀಟಿನಿಂದ. ‘ಆಟ ಹೊತ್ತಿಗೆ ಶುರು ಮಾಡಬೇಕು. ಅವರು ಬರೋದು ತಡ ಅಂತ ನೀನೇ ಹೇಳಿದ್ದೆ. ಅದಕ್ಕೆ ಮೊದಲನೇದನ್ನ ಎತ್ತಿಟ್ಟಿದ್ದೆ.’

ರಘು ಡ್ರೈವ್ ಮಾಡುತ್ತಾ ಕನ್ನಡಿಯಲ್ಲಿ ಹಿಂದೆ ನೋಡಿದ. ಅಪ್ಪ ಮಾತು ಮುಂದುವರಿಸಿದರು.

‘ನಿಶ್ಚಿತಾರ್ಥ ಆದ್ಮೇಲೆ ನಿಮ್ಮಮ್ಮನ್ನ ಮೊದಲ ಸಲ ಕರೆದದ್ದು ಈ ಸಿನಿಮಾಗೇನೇ. ಅವಳು, ಅವಳಣ್ಣ, ಎರಡು ಬಸ್ ಬದಲಾಯಿಸಿ ಬರಬೇಕಿತ್ತು. ಬಸ್ ತಡ ಆಯ್ತು. ನಾನು ದೊಡ್ಡ ಶಿಸ್ತಿನ ಮನುಷ್ಯ ನೋಡು, ಕಾಯಲಿಲ್ಲ. ಅವಳು ಬಂದಾಗ ಎರಡನೇ ರೀಲು ಓಡ್ತಿತ್ತು. ಸೋಮವಾರ ಆ ಎಂಜಿನಿಯರು ಡಬ್ಬಿ ತಗೊಂಡು ಊರಿಗೆ ಹೋದ. ಒಂದೊಂದೇ ಗ್ಲೌಸು ಯಾಕೆ ಅಂತ ಕೊನೇವರೆಗೂ ಕೇಳೋಳು. ನಾನು ಹೇಳೋಕೆ ಹೋದ್ರೆ, ನೀವು ಹೇಳೋದು ಬೇಡ, ತೋರಿಸಿ ಅನ್ನೋಳು. ಎಲ್ಲಿಂದ ತೋರಿಸ್ಲಿ?’

ಅರ್ಧ ಸಿನಿಮಾ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ನಲ್ಲಿಯೂ ಅಂಗಿಯ ಬೆನ್ನೂ ಒಂದೊಂದಾಗಿ ನೆನಪಾದವು. ಅಮ್ಮ ನನ್ನ ಪಕ್ಕದಲ್ಲೇ ಕೂತು ಬೈಯುತ್ತಿರುವಂತೆ ಅನಿಸಿ ಅತ್ತುಬಿಟ್ಟೆ. ರಘು ಟಿಶ್ಯೂ ಡಬ್ಬಿ ಮುಂದೆ ಮಾಡಿದ.

ಮೂಗು ಒರೆಸಿಕೊಂಡು ತಿರುಗಿ ನೋಡಿದರೆ ಅಪ್ಪನ ತೊಡೆಯ ಮೇಲೆ ದುಂಡಗಿನ ತಗಡಿನ ಡಬ್ಬಿಯೊಂದಿತ್ತು.

‘ಅದೇನಪ್ಪಾ?’

‘ಎರಡನೇ ರೀಲು. ವಾಲ್ಟರ್ ಕೊಟ್ಟ. ಆಕೆ ಮಿಕ್ಕಿದ್ದು ನೋಡಿಲ್ವಲ್ಲ, ಪಾಪ.’

‘ರೀಲು ಇಟ್ಕೊಂಡು ಏನ್ ಮಾಡ್ತೀರ ಮಾವ? ಪ್ರೊಜೆಕ್ಟರ್?’ ಎಂದ ರಘು.

‘ಡಿಕ್ಕಿಯಲ್ಲಿದೆ’ ಎಂದರು ಅಪ್ಪ. ಶೋಭಾ ಕೊಟ್ಟ ಅಡುಗೆಯ ಪಾತ್ರೆ ಎಂದುಕೊಂಡು, ರಟ್ಟಿನ ಪೆಟ್ಟಿಗೆಯಲ್ಲಿದ್ದ ಅದನ್ನು ಹೊತ್ತು ತಂದು ಡಿಕ್ಕಿಯಲ್ಲಿಟ್ಟವನು ರಘುವೇ.

ಅಪ್ಪ ಮೆಲ್ಲಗೆ ಲಲ್ಲಲಾ ಶುರು ಮಾಡಿದರು. ಬಿಕ್ಕಳಿಕೆಯ ಜಾಗ ಬಂತು, ನಿಂತರು. ಈ ಸಲ ಹಾಡು ಮುಂದುವರಿಯಲಿಲ್ಲ.

‘ಪದ್ದು, ಹೂಸ್ಟನ್ನಿಗೆ ಬಸ್ ಇದೆಯೇನಮ್ಮಾ?’

ಇದೆ ಎಂದೆ. ಇಲ್ಲದಿದ್ದರೂ ಇದೆ ಎಂದೇ ಹೇಳುತ್ತಿದ್ದೆ.